ಜಡಭರತನ ತಂದೆಯೂ ವಿಷ್ಣುಶರ್ಮನೂ

ಮಹಿಳಾರೋಪ್ಯದ ಅರಸನಾದ ಅಮರಶಕ್ತಿಗೆ ಮೂವರು ಗಂಡುಮಕ್ಕಳು. ಮೂವರಿಗೂ ವಿದ್ಯೆ ಹತ್ತಲಿಲ್ಲ. ಅರಸನು ಮಂತ್ರಿಗಳನ್ನು ಕರೆದು ತನ್ನ ಚಿಂತೆಯನ್ನು ಹೇಳಿಕೊಂಡಾಗ, ವ್ಯಾಕರಣವೊಂದಕ್ಕೇ ಹನ್ನೆರಡು ವರ್ಷಗಳು ಬೇಕು, ಆ ಮೇಲೆ ಉಳಿದ ಶಾಸ್ತ್ರಗಳು ಎಂಬ ಲೆಕ್ಕವು ಸಭೆಯಲ್ಲಿ ಬಂದಿತು. ಸುಮತಿಯೆಂಬ ಮಂತ್ರಿಯೊಬ್ಬನು ಮಾತ್ರ, ಈ ಮಕ್ಕಳಿಗೆ ಅಷ್ಟು ದೂರದ ದಾರಿಯು ಸಲ್ಲದು, ಬೇರೊಂದು ದಾರಿಯನ್ನು ನೋಡತಕ್ಕದ್ದೆಂದು ಹೇಳಿ ವಿಷ್ಣುಶರ್ಮನ ಹೆಸರನ್ನು ಸೂಚಿಸಿದನು. ಎಂಬತ್ತು ವರ್ಷದ ಆ ಬ್ರಾಹ್ಮಣನು ಅರಸನು ಕೊಡಬಂದ ನೂರು ಶಾಸನಗಳನ್ನು ಬೇಡವೆಂದು, ಆರು ತಿಂಗಳ ಅವಧಿಯನ್ನು ತಾನೇ ಕಟ್ಟಿಕೊಂಡು, ಹುಡುಗರನ್ನು ತನ್ನ ಮನೆಗೆ ಕರೆದೊಯ್ದನು. ಪಂಚತಂತ್ರದ ಈ ಪೀಠಿಕೆಯನ್ನು ಅರಿಯದ ವಾಚಕರಿಲ್ಲ. ಆದರೆ ಪೀಠಿಕೆಯೆಂಬ ಕಾರಣಕ್ಕಾಗಿಯೇ ಅದನ್ನು ಬೇಗ ದಾಟಿ ಸಿಂಹ, ಎತ್ತು, ನರಿಗಳ ಕಡೆಗೆ ಹೋಗುವವರೇ ಹೆಚ್ಚು.

ಗ್ರಂಥದ ಜೀವವು ಈ ಪೀಠಿಕೆಯಲ್ಲಿಯೇ ಇರುತ್ತದೆ. ಮಕ್ಕಳು ಬದಲಾಗಬೇಕೆಂದು ಎಲ್ಲರೂ ತಿಳಿದಿದ್ದ ಸಭೆಯಲ್ಲಿ ಪಾಠವು ಬದಲಾಗಬೇಕೆಂದು ಹೇಳಿದವನು ಒಬ್ಬನೇ. ಸೂತ್ರಗಳು ಹಿಡಿಯದ ಮನಸ್ಸಿಗೆ ಕಾಗೆ, ಗೂಬೆ, ಆಮೆ, ಕೋತಿಗಳು ಹಿಡಿಯುತ್ತವೆಯೆಂದು ಕಂಡುಕೊಂಡುದೇ ವಿಷ್ಣುಶರ್ಮನ ಹಿರಿಮೆ. ಕನ್ನಡದಲ್ಲಿ ದುರ್ಗಸಿಂಹನು ವಸುಭಾಗಭಟ್ಟನ ಪರಂಪರೆಯನ್ನು ಹಿಡಿದು ೧೦೩೧ರ ಸುಮಾರಿಗೆ ಪಂಚತಂತ್ರವನ್ನು ಬರೆದ ಮೇಲೆ, ಕತೆಯಿಂದ ಕಲಿಸುವುದೆಂಬ ಮಾತು ಈ ನಾಡಿಗೆ ಹೊಸದಾಗಿ ಉಳಿಯಲಿಲ್ಲ. ಇಷ್ಟಾದರೂ ಆ ಪೀಠಿಕೆಯಲ್ಲಿ ಎರಡು ದೋಷಗಳುಂಟು. ಅವನ್ನು ಮುಚ್ಚಿಡುವುದರಿಂದ ವಿಷ್ಣುಶರ್ಮನಿಗೆ ಗೌರವವು ಹೆಚ್ಚಲಾರದು.

ಮೊದಲನೆಯದು ಅರಸನ ಬಾಯಿಂದ ಬರುವ ಶ್ಲೋಕ. ದಡ್ಡನಾದ ಮಗನಿಗಿಂತ ಹುಟ್ಟದ ಮಗನೂ ಹುಟ್ಟಿ ಸತ್ತ ಮಗನೂ ಮೇಲೆಂಬುದು ಅದರ ತಾತ್ಪರ್ಯ. ಪಾಠಶಾಲೆಗಳಲ್ಲಿ ಎಷ್ಟು ತಲೆಮಾರಿನ ಹುಡುಗರು ಇದನ್ನು ಸುಭಾಷಿತವೆಂದು ಕಂಠಪಾಠ ಮಾಡಿದರೋ ಲೆಕ್ಕವಿಲ್ಲ. ಅವರಲ್ಲಿ ಒಬ್ಬಿಬ್ಬರ ಮನೆಗಳಲ್ಲಾದರೂ ಮಾತು ಬಾರದ ತಮ್ಮನೋ, ಏಳು ವರ್ಷವಾದರೂ ತಾನಾಗಿ ಉಣ್ಣಲಾರದ ತಂಗಿಯೋ ಇದ್ದಿರಲಾರದೆ? ಸಂಜೆ ಜಗಲಿಯಲ್ಲಿ ಕುಳಿತು ಆ ಹುಡುಗನು ಶ್ಲೋಕವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಾಗ ಒಳಗಿನಿಂದ ತಾಯಿ ಕೇಳುತ್ತಿದ್ದಳೆಂಬುದನ್ನು ಯಾವ ವ್ಯಾಖ್ಯಾನಕಾರನೂ ಗಣಿಸಲಿಲ್ಲ.

ಎರಡನೆಯದು ಆ ಆರು ತಿಂಗಳ ಪಂಥ. ಅಮರಶಕ್ತಿಯ ಮಕ್ಕಳು ಬಹುಶಃ ಓದಿನಲ್ಲಿ ಮನಸ್ಸಿಲ್ಲದ ಹುಡುಗರು. ಬುದ್ಧಿಯ ಬೆಳವಣಿಗೆಯೇ ಹಿಂದುಳಿದ ಶಿಶುಗಳ ಸಂಗತಿ ಬೇರೆ. ಅವಧಿಯನ್ನು ಕಟ್ಟಿ ಗೆಲ್ಲುವ ಕತೆಯು ಕೇಳಲು ಚೆನ್ನ. ಅಂಥ ಶಿಶುವಿನ ತಾಯಿಗೆ ಅದು ಏಳನೆಯ ತಿಂಗಳಿನಲ್ಲಿ ನಿರಾಶೆಯನ್ನು ತಂದುಕೊಡುತ್ತದೆ. ಫ್ರಾನ್ಸ್ ದೇಶದ ಇತಾರ್ ಎಂಬ ವೈದ್ಯನು, ಕಾಡಿನಲ್ಲಿ ಸಿಕ್ಕಿದ ವಿಕ್ಟರನೆಂಬ ಬಾಲಕನಿಗೆ ವರ್ಷಗಟ್ಟಲೆ ಕಲಿಸಿ, ೧೮೦೧ರಲ್ಲಿಯೂ ೧೮೦೭ರಲ್ಲಿಯೂ ವರದಿಗಳನ್ನು ಅಚ್ಚಿಸಿದನು. ಬಾಲಕನಿಗೆ ಮಾತು ಬರಲಿಲ್ಲ. ಆದರೆ ಬಟ್ಟೆ ಹಾಕಿಕೊಳ್ಳುವುದು, ಬೇಕಾದ ವಸ್ತುವನ್ನು ಅಕ್ಷರಗಳಿಂದ ತೋರಿಸುವುದು, ಪ್ರೀತಿಸುವುದು ಬಂದವು. ಬಂದುದೆಷ್ಟು, ಬಾರದುದೆಷ್ಟು ಎಂದು ಅವನು ಒಪ್ಪಿ ಬರೆದುದರಿಂದಲೇ ಅವನ ಹಿಂದೆ ಬಂದ ಸೆಗೆನ್ ಮೊದಲಾದವರಿಗೆ ದಾರಿ ಸಿಕ್ಕಿತು. ಈ ವಿಷಯದಲ್ಲಿ ಗೆದ್ದ ವಿಷ್ಣುಶರ್ಮನಿಗಿಂತ ಅರ್ಧ ಸೋತ ಇತಾರನು ಹೆಚ್ಚು ಉಪಯುಕ್ತನಾದ ಗುರು.

ಇನ್ನು ಭಾಗವತದ ಐದನೆಯ ಸ್ಕಂಧಕ್ಕೆ ಬರಬಹುದು. ಜಿಂಕೆಯ ಮೋಹದಿಂದ ಜಿಂಕೆಯಾಗಿ ಹುಟ್ಟಿದ ಭರತನು ಮರುಜನ್ಮದಲ್ಲಿ ಆಂಗಿರಸ ಗೋತ್ರದ ಬ್ರಾಹ್ಮಣನೊಬ್ಬನ ಮಗನಾಗಿ, ಸಂಗಕ್ಕೆ ಹೆದರಿ, ಜಡನಂತೆ, ಕಿವುಡನಂತೆ, ಮರುಳನಂತೆ ನಡೆದುಕೊಂಡನು. ತಂದೆಗೆ ಮಗನ ಗುಟ್ಟು ತಿಳಿಯದು. ಆದರೂ ವಾತ್ಸಲ್ಯವನ್ನು ಬಿಡಲಿಲ್ಲ. ಉಪನಯನ ಮಾಡಿದನು, ವಸಂತ, ಗ್ರೀಷ್ಮಗಳ ನಾಲ್ಕು ತಿಂಗಳೂ ಪ್ರಣವ, ವ್ಯಾಹೃತಿಗಳೊಡನೆ ಗಾಯತ್ರಿಯನ್ನು ಹೇಳಿಕೊಟ್ಟನು, ಮಗನ ನಾಲಗೆಯಲ್ಲಿ ಅದು ನಿಲ್ಲಲಿಲ್ಲ. ಶೌಚ, ಆಚಮನಗಳನ್ನು ಕಲಿಸಿದರೂ ಮಗನು ತಂದೆಯ ಎದುರಿನಲ್ಲಿಯೇ ಬೇರೆ ರೀತಿಯಾಗಿ ಮಾಡುತ್ತಿದ್ದನು. ಆಸೆ ತೀರದೆಯೇ ತಂದೆಯು ಕಾಲವಾದನು.

ಪುರಾಣದಲ್ಲಿ ಇಷ್ಟು ಮನೆಯ ವಾಸನೆಯುಳ್ಳ ಪ್ರಸಂಗಗಳು ಕಡಿಮೆ. ಈ ತಂದೆಯನ್ನು ಮೂದಲಿಸುವುದು ಅನ್ಯಾಯ; ಇವನಿಗೆ ಕೊರತೆಯಾಗಿದ್ದುದು ಪ್ರೀತಿಯಲ್ಲ, ಬೇರೊಂದು ಉಪಾಯ. ಹಿಡಿಯದ ಪಾಠವನ್ನು ಅದೇ ಕ್ರಮದಲ್ಲಿ, ಅದೇ ಸ್ವರದಲ್ಲಿ ನಾಲ್ಕು ತಿಂಗಳು ಹೇಳಿದನು. ಹಗ್ಗ ತಾಗಿ ತಾಗಿ ಬಾವಿಯ ಕಲ್ಲು ಸವೆದುದನ್ನು ಕಂಡು ವೋಪದೇವನು ಮತ್ತೆ ಓದಿಗೆ ಕುಳಿತನೆಂಬ ಐತಿಹ್ಯವನ್ನು ಗುರುಗಳು ಶಿಷ್ಯರಿಗೆ ಹೇಳುವುದುಂಟು. ಅದು ಶಿಷ್ಯನಿಗೆ ಸಲ್ಲುವ ಕತೆಯೇ ಹೊರತು ಗುರುವಿಗೆ ಸಲ್ಲುವುದಲ್ಲ. ಕಲ್ಲು ಸವೆಯದಿದ್ದರೆ ಹಗ್ಗವನ್ನು ಬದಲಿಸಬೇಕೆಂದು ಆ ಕತೆಯು ಹೇಳುವುದಿಲ್ಲ. ವಿಚಿತ್ರವೇನೆಂದರೆ, ಭಾರವನ್ನು ಹಗುರ ಮಾಡುವ ಉಪಾಯವು ವೇದಾಧ್ಯಯನದಲ್ಲಿಯೇ ಇದ್ದಿತು. ಗೋಕರ್ಣದಂಥ ಕ್ಷೇತ್ರಗಳಲ್ಲಿ ಸಂಥೆ ಹೇಳಿಸಿಕೊಂಡವರು ಬಲ್ಲರು: ಮಂತ್ರವು ಒಮ್ಮೆಗೇ ಶಿಷ್ಯನ ಮೇಲೆ ಬೀಳುವುದಿಲ್ಲ. ಗುರುವು ಒಂದು ತುಂಡನ್ನು ಹೇಳುತ್ತಾನೆ, ಶಿಷ್ಯನು ಎರಡು ಸಲ ಹೇಳುತ್ತಾನೆ. ಪದವು ಬಿಡಿಯಾಗಿ ಬರುತ್ತದೆ, ಆಮೇಲೆ ಕ್ರಮದಲ್ಲಿ ಎರಡೆರಡು ಪದಗಳು ಕೂಡುತ್ತವೆ. ದೊಡ್ಡ ಕೆಲಸವನ್ನು ಸಣ್ಣ ಸಣ್ಣದಾಗಿ ಒಡೆದು, ಒಂದು ನಿಂತ ಮೇಲೆ ಇನ್ನೊಂದನ್ನು ಕೂಡಿಸುವ ಈ ವಿದ್ಯೆಯನ್ನು ಮಂತ್ರಕ್ಕೆ ಕೊಟ್ಟವರು ಅಂಗಿ ಹಾಕಿಕೊಳ್ಳುವುದಕ್ಕೆ, ತಂಬಿಗೆ ಹಿಡಿಯುವುದಕ್ಕೆ ಕೊಡಲಿಲ್ಲ.

ಜಡಭರತನ ಕತೆಗೆ ಇನ್ನೊಂದು ತೊಡಕು ಉಂಟು. ಅವನು ನಿಜವಾಗಿ ಜಡನಲ್ಲ, ಜ್ಞಾನಿ. ರಹೂಗಣ ರಾಜನ ಪಲ್ಲಕ್ಕಿಯನ್ನು ಹೊತ್ತಾಗ ಅದು ಹೊರಬೀಳುತ್ತದೆ. ಕಾಳಿಯ ಕೃಪೆಯಿಂದ ಕವಿಯಾದ ಕಾಳಿದಾಸನ ಐತಿಹ್ಯವೂ, ಕಾಮಾಕ್ಷಿಯ ಕರುಣೆಯಿಂದ ಮಾತು ಬಂದು ಪಂಚಶತಿಯನ್ನು ಹಾಡಿದ ಮೂಕಕವಿಯ ಐತಿಹ್ಯವೂ ಇದೇ ಜಾತಿಯವು. ಭಕ್ತಿಯ ದೃಷ್ಟಿಯಿಂದ ಇವುಗಳಿಗೆ ಬೆಲೆಯಿದೆ. ಮಗುವಿನ ದೃಷ್ಟಿಯಿಂದ ನೋಡಿದರೆ ಇವೆಲ್ಲವೂ ಒಂದೇ ಮಾತನ್ನು ಹೇಳುತ್ತವೆ: ಈ ಜಡನನ್ನು ಗೌರವಿಸಿರಿ, ಏಕೆಂದರೆ ಅವನು ಜಡನಲ್ಲ. ಹಾಗಾದರೆ ನಿಜವಾಗಿಯೇ ನಿಧಾನವಾದ ಮಗುವಿಗೆ ಯಾವ ಗೌರವ? ಕೃಪೆಯನ್ನು ಕಾಯುವ ಮನೆಯಲ್ಲಿ ಕಾಲವು ಕಾಯುವುದಿಲ್ಲ. ಮಾತು ತಡವಾದರೆ "ಇವನ ಅಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಅಜ್ಜಿ ಹೇಳುತ್ತಾಳೆ. ಕೆಲವು ಸಲ ಅದು ನಿಜವೂ ಆಗುತ್ತದೆ. ಉಳಿದ ಸಲ ಮೆದುಳು ಬಹು ಬೇಗ ಬೆಳೆಯುವ ಮೊದಲ ಮೂರು ವರ್ಷಗಳು ಆ ಸಮಾಧಾನದಲ್ಲಿಯೇ ಕಳೆದುಹೋಗುತ್ತವೆ.

ಅಷ್ಟಾವಕ್ರನ ಆಖ್ಯಾನದಲ್ಲಿ ದೋಷವು ಮತ್ತೂ ಗಾಢವಾಗಿದೆ. ಗರ್ಭದಲ್ಲಿದ್ದ ಶಿಶುವು ತಂದೆಯಾದ ಕಹೋಡನ ಅಧ್ಯಯನದಲ್ಲಿ ತಪ್ಪು ಹಿಡಿಯಿತು, ತಂದೆ ಶಪಿಸಿದನು, ಶಿಶುವು ಎಂಟು ಕಡೆ ವಕ್ರವಾಗಿ ಹುಟ್ಟಿತು. ಕೊನೆಗೆ ಸಮಂಗಾ ನದಿಯಲ್ಲಿ ಮುಳುಗಿದೊಡನೆ ಅಂಗಗಳು ನೆಟ್ಟಗಾದವು. ಕಾರಣವು ಮನೆಯ ಒಳಗೆ, ಪರಿಹಾರವು ಒಂದು ಮುಳುಗಿನಲ್ಲಿ. ವ್ಯಾಸರು ಶಾಪವನ್ನು ತಂದೆಯ ಮೇಲೆ ಹೊರಿಸಿದರು. ಲೋಕವು ಅದನ್ನು ತಾಯಿಯ ಮೇಲೆ ಹೊರಿಸಿತು. ಗ್ರಹಣದಲ್ಲಿ ಹೊರಗೆ ಬಂದಳು, ತಿನ್ನಬಾರದುದನ್ನು ತಿಂದಳು, ನಾಗನ ಕಲ್ಲನ್ನು ತುಳಿದಳು ಎಂಬ ಮಾತುಗಳನ್ನು ಕೇಳದ ಊರು ಕರಾವಳಿಯಲ್ಲಿ ಇಲ್ಲ.

ಈ ಮಾತು ಕರಾವಳಿಯಲ್ಲಿ ಒಮ್ಮೆ ಬಲವಾಗಿ ಅಲುಗಿತು. ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಸರಕಾರಿ ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಆಕಾಶದಿಂದ ಸಿಂಪಡಿಸಿದರು. ಕಾಸರಗೋಡಿನ ಎಣ್ಮಕಜೆಯ ಕಡೆಯಲ್ಲಿ ವೈದ್ಯರಾದ ವೈ. ಎಸ್. ಮೋಹನಕುಮಾರರೂ ಪತ್ರಿಕಾಕರ್ತರಾದ ಶ್ರೀ ಪಡ್ರೆಯವರೂ ತೋಟಗಳ ಅಂಚಿನ ಮನೆಗಳಲ್ಲಿ ಹುಟ್ಟುತ್ತಿದ್ದ ಮಕ್ಕಳ ಸ್ಥಿತಿಯನ್ನು ಲೋಕಕ್ಕೆ ತಿಳಿಸಿದರು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಮಾತ್ರವಲ್ಲ, ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿಯೂ ಪೀಡಿತರ ಪಟ್ಟಿಗೆ ಸೇರಿದ ಮನೆಗಳಿವೆ. ೨೦೧೧ರ ಮೇ ೧೩ರಂದು ಸರ್ವೋಚ್ಚ ನ್ಯಾಯಾಲಯವು ಈ ವಿಷವನ್ನು ದೇಶದಾದ್ಯಂತ ತಡೆಯಿತು. ಯಾವ ಮಗುವಿನ ಯಾವ ಕೊರತೆಗೆ ವಿಷವೇ ಕಾರಣ, ಯಾವುದಕ್ಕೆ ಬೇರೆ ಕಾರಣ ಎಂಬ ವಾದವು ಪಂಡಿತರಲ್ಲಿ ನಡೆದೇ ಇದೆ. ಆದರೂ ಒಂದು ಉಪಕಾರವಾಯಿತು. ಕಾರಣವು ತಾಯಿಯ ನಡತೆಯಲ್ಲಿಯೇ ಇರಬೇಕೆಂದಿಲ್ಲ, ಬೆಟ್ಟದ ಮೇಲಿನಿಂದ ಬೀಸುವ ಗಾಳಿಯಲ್ಲಿಯೂ ಇರಬಹುದು ಎಂಬುದು ಹಳ್ಳಿಯ ಬಾಯಿಗೆ ಬಂದಿತು.

ಅಂಬಿಕಾಸುತನ್ ಮಾಂಙಾಡರು ೨೦೦೯ರಲ್ಲಿ ಮಲೆಯಾಳದಲ್ಲಿ ಬರೆದ ‘ಎನ್ಮಕಜೆ’ ಕಾದಂಬರಿಯು ಈ ದುಃಖವನ್ನು ಸಾಹಿತ್ಯಕ್ಕೆ ತಂದ ದೊಡ್ಡ ಪ್ರಯತ್ನ. ಅದರ ಕೋಪವು ನ್ಯಾಯವಾದುದು. ಆದರೆ ಅಂಥ ಬರವಣಿಗೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಪತ್ರಿಕೆಗಳ ಚಿತ್ರಗಳಲ್ಲಿ, ಮಗುವು ಮಗುವಾಗಿರದೆ ಸಾಕ್ಷಿಯಾಗಿಬಿಡುತ್ತದೆ. ವಿಷವು ಮಾಡಿದ ಗಾಯವನ್ನು ತೋರಿಸಲು ಅದನ್ನು ಎತ್ತಿ ಹಿಡಿಯುತ್ತಾರೆ. ತೋರಿಸಿ ಮುಗಿದ ಮೇಲೆ ಅದು ಚಾಪೆಗೆ ಮರಳುತ್ತದೆ. ಆ ಮಗು ಬೆಳಿಗ್ಗೆ ಎದ್ದು ಏನನ್ನು ನೋಡಿತು, ಯಾರ ದನಿಗೆ ತಿರುಗಿತು, ನಿನ್ನೆ ಆಗದ ಯಾವುದನ್ನು ಇಂದು ಮಾಡಿತು ಎಂಬುದನ್ನು ಬರೆದವರು ಯಾರು? ಹಳೆಯ ಪುರಾಣವು ಮಗುವನ್ನು ಗುಪ್ತಜ್ಞಾನಿಯನ್ನಾಗಿ ಮಾಡಿತು, ಹೊಸ ಬರವಣಿಗೆಯು ಪ್ರಮಾಣಪತ್ರವನ್ನಾಗಿ ಮಾಡಿತು. ನಡುವೆ ಶಿಶುವು ತಪ್ಪಿಹೋಯಿತು.

ಶಿಶುವು ಸಿಕ್ಕುವುದು ಮನೆಯ ದಿನಚರಿಯಲ್ಲಿ. ಈ ವಿಷಯದಲ್ಲಿ ಬಲ್ಲವರು ಅರ್ಧ ಶತಮಾನದಿಂದ ಕಂಡುಕೊಂಡ ಸಾರವೂ ಅದೇ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಪೋರ್ಟೇಜ್ ಎಂಬ ಸಣ್ಣ ಊರಿನಲ್ಲಿ ೧೯೬೯ರಲ್ಲಿ ಒಂದು ಪದ್ಧತಿಯು ಹುಟ್ಟಿತು. ಮನೆಗಳು ದೂರದೂರ, ಮಕ್ಕಳನ್ನು ಕೇಂದ್ರಕ್ಕೆ ತರುವಂತಿಲ್ಲ. ಆದುದರಿಂದ ಕಲಿಸುವವಳೇ ವಾರಕ್ಕೊಮ್ಮೆ ಮನೆಗೆ ಹೋಗಿ, ತಾಯಿಯೊಡನೆ ಕುಳಿತು, ಒಂದು ವಾರದಲ್ಲಿ ಸಾಧಿಸಬಹುದಾದ ಒಂದೆರಡು ಸಣ್ಣ ಕೆಲಸಗಳನ್ನು ಗೊತ್ತುಮಾಡಿ ಬರುವಳು; ಉಳಿದ ಆರು ದಿನ ತಾಯಿಯೇ ಗುರು. ಮುಂದಿನ ವಾರ ನೋಡಿ, ಆಗಿದ್ದರೆ ಮುಂದಕ್ಕೆ, ಆಗದಿದ್ದರೆ ಕೆಲಸವನ್ನು ಇನ್ನೂ ಸಣ್ಣದಾಗಿ ಒಡೆಯುವುದು. ಮಗುವನ್ನು ಬಯ್ಯುವ ಪ್ರಶ್ನೆಯೇ ಇಲ್ಲ. ಶರಾವತಿಯ ಎರಡು ದಡಗಳ ಒಳಹಳ್ಳಿಗಳಿಗೂ ಘಟ್ಟದ ಬುಡದ ಕೇರಿಗಳಿಗೂ ಇದಕ್ಕಿಂತ ಒಪ್ಪುವ ಕ್ರಮವನ್ನು ಊಹಿಸುವುದು ಕಷ್ಟ. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ೨೦೧೯ರಲ್ಲಿಯೂ ೨೦೨೨ರಲ್ಲಿಯೂ ಎದ್ದಿತು. ಅದು ನ್ಯಾಯವಾದ ಬೇಡಿಕೆ. ಆದರೆ ಮಣಿಪಾಲಕ್ಕೋ ಮಂಗಳೂರಿಗೋ ತಿಂಗಳಿಗೊಮ್ಮೆ ಹೋಗಿ ಅರ್ಧ ಗಂಟೆಯ ವ್ಯಾಯಾಮ ಮಾಡಿಸಿ ಬಂದು, ಉಳಿದ ಇಪ್ಪತ್ತೊಂಬತ್ತು ದಿನ ಮಗುವನ್ನು ಮಲಗಿಸಿಟ್ಟರೆ ಯಾವ ಆಸ್ಪತ್ರೆಯಿಂದಲೂ ಫಲವಿಲ್ಲ. ಒಮ್ಮೆಗೆ ದೀರ್ಘವಾಗಿ ಮಾಡಿಸಿದುದಕ್ಕಿಂತ ದಿನಕ್ಕೆ ಹತ್ತು ಸಲ ಎರಡೆರಡು ನಿಮಿಷ ಮಾಡಿಸಿದುದು ಶಿಶುವಿಗೆ ಹತ್ತುತ್ತದೆ.

ಇದಕ್ಕೆ ಬೇರೆ ಸಮಯವನ್ನು ಎಲ್ಲಿಂದ ತರುವುದೆಂದು ತಾಯಂದಿರು ಕೇಳಿದರೆ ಆಶ್ಚರ್ಯವಿಲ್ಲ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಚಿಪ್ಪಿ ಹೆಕ್ಕಲು ಹೋಗುವ ಹೆಂಗಸಿಗೆ ಗಡಿಯಾರವು ಸಮುದ್ರದ ಕೈಯಲ್ಲಿದೆ. ಅವಳಿಗೆ ಐದು ಗಂಟೆಗೆ ಪಾಠ ಎಂದರೆ ಪಾಠವು ನಡೆಯುವುದಿಲ್ಲ. ಹೇಗಿದ್ದರೂ ನಡೆಯಲೇಬೇಕಾದ ಕೆಲಸಗಳೊಳಗೇ ಪಾಠವನ್ನು ಸೇರಿಸಿದರೆ ನಡೆಯುತ್ತದೆ. ಬಚ್ಚಲಿನಲ್ಲಿ ಮೈಗೆ ನೀರು ಹಾಕುವ ಮೊದಲು ತಂಬಿಗೆಯನ್ನು ಎತ್ತಿ ಹಿಡಿದು, ಮಗುವು ಕಣ್ಣಿನಿಂದಲೋ ಕೈಯಿಂದಲೋ ದನಿಯಿಂದಲೋ ಬೇಕೆನ್ನುವ ತನಕ ಮನಸ್ಸಿನಲ್ಲಿಯೇ ಹತ್ತು ಎಣಿಸಿ ಕಾಯುವುದು ಒಂದು ಪಾಠ. ಮಾತು ಬರುವ ಮುನ್ನ ಮಾತಿನ ಆಸೆಯು ಬರಬೇಕಷ್ಟೆ. ಕೇಳುವ ಮೊದಲೇ ಎಲ್ಲವನ್ನೂ ಕೊಟ್ಟುಬಿಡುವ ಮನೆಯಲ್ಲಿ ಆ ಆಸೆಗೆ ಎಡೆಯಿಲ್ಲ. ಬಾಳೆಹಣ್ಣೋ ರೊಟ್ಟಿಯೋ ಎಂದು ಎರಡನ್ನೂ ಮುಂದೆ ಹಿಡಿಯುವುದು ಮತ್ತೊಂದು. ಮಲಗಿಸುವ ಹಾಡನ್ನು ದಿನವೂ ಒಂದೇ ರೀತಿಯಾಗಿ ಹಾಡಿ, ಹಲವು ದಿನಗಳ ಮೇಲೆ ಕೊನೆಯ ಶಬ್ದದ ಹತ್ತಿರ ಥಟ್ಟನೆ ನಿಲ್ಲಿಸಿದರೆ ಆ ತೆರಪನ್ನು ತುಂಬಲು ಮಗುವು ಬಾಯಿ ಆಡಿಸುತ್ತದೆ. ಹಾಡು ಯಾವ ಜಾತಿಯದಾದರೂ, ಯಾವ ಭಾಷೆಯದಾದರೂ ಆದೀತು.

ಅಂಗಿಯ ಸಂಗತಿಯನ್ನು ನೋಡಿರಿ. ಮೊದಲಿನಿಂದ ಕಲಿಸಹೋದರೆ ಮಗುವು ತೋಳಿನಲ್ಲಿಯೇ ಸಿಕ್ಕಿಕೊಂಡು ಅಳುತ್ತದೆ. ತಾಯಿಯೇ ತಲೆಯನ್ನೂ ಎರಡು ಕೈಗಳನ್ನೂ ತೂರಿಸಿ, ಹೊಟ್ಟೆಯ ಮೇಲಿನಿಂದ ಕೆಳಕ್ಕೆ ಎಳೆಯುವ ಕೊನೆಯ ಕೆಲಸವೊಂದನ್ನೇ ಮಗುವಿಗೆ ಬಿಟ್ಟರೆ, ಅಂಗಿಯನ್ನು ಹಾಕಿಕೊಂಡವನು ತಾನೇ ಎಂಬ ಸಂತೋಷವು ಮೊದಲ ದಿನವೇ ಸಿಕ್ಕುತ್ತದೆ. ಅದು ನಿಂತ ಮೇಲೆ ಕೊನೆಯಿಂದ ಎರಡನೆಯ ಕೆಲಸವನ್ನೂ ಬಿಡುವುದು, ಹೀಗೆ ಹಿಂದುಹಿಂದಕ್ಕೆ. ಸಂಥೆಯ ಕ್ರಮವನ್ನು ಬಲ್ಲವರಿಗೆ ಇದರ ಮರ್ಮವು ಹೇಳದೆಯೇ ತಿಳಿಯುತ್ತದೆ. ಇಲ್ಲಿ ಕ್ರಮವು ತಲೆಕೆಳಗಾಗಿದೆ, ಅಷ್ಟೆ.

ಊಟದ ಕ್ರಮವು ಜೀವದ ಪ್ರಶ್ನೆ. ಮೆದುಳಿನ ಪೆಟ್ಟಿನಿಂದ ಮೈ ಬಿಗಿದ ಮಗುವಿಗೆ ಕುಳಿತುಕೊಳ್ಳಲು ಆಗದೆಂದು ಮಲಗಿಸಿಯೇ ಗಂಜಿ ಹುಯ್ಯುವ ರೂಢಿಯು ಅನೇಕ ಮನೆಗಳಲ್ಲಿದೆ. ತಲೆಯು ಹಿಂದಕ್ಕೆ ಬಾಗಿದಾಗ ಗಂಜಿಯು ಶ್ವಾಸದ ದಾರಿಯನ್ನು ಹಿಡಿಯುತ್ತದೆ. ಕೆಮ್ಮು, ಮತ್ತೆ ಮತ್ತೆ ಕಫಜ್ವರ. ಮಗು ಸೊರಗಿತೆಂದು ಇನ್ನಷ್ಟು ಗಂಜಿ. ಗೋಡೆಯ ಮೂಲೆಗೆ ಒರಗಿಸಿ, ಎರಡು ಪಕ್ಕಕ್ಕೂ ಸುತ್ತಿದ ಕಂಬಳಿಯ ಆಸರೆಯಿಟ್ಟು, ತಲೆಯು ತುಸು ಮುಂದಕ್ಕಿರುವಂತೆ ಕುಳ್ಳಿರಿಸಿ, ಎದುರಿಗೆ ಮಗುವಿನ ಕಣ್ಣಿನ ಮಟ್ಟದಲ್ಲಿ ಕುಳಿತು, ತೀರ ನೀರಾಗದ ಆಹಾರವನ್ನು ಸಣ್ಣ ಚಮಚದಿಂದ ಕೊಡುವುದೇ ಸರಿಯಾದ ರೀತಿ. ಯಾವ ಮಗುವಿಗೆ ಯಾವ ಆಸರೆಯು ಹಿತವೆಂಬುದನ್ನು ಆ ವಿದ್ಯೆಯನ್ನು ಕಲಿತವರಿಂದ ಒಮ್ಮೆ ನೋಡಿಸಿಕೊಳ್ಳಬೇಕು. ಎಲ್ಲ ಮಕ್ಕಳಿಗೂ ಒಂದೇ ಮಣೆಯಲ್ಲ. ಬಿಗಿದ ಕಾಲನ್ನು ಎಣ್ಣೆ ಹಚ್ಚಿ ಬಲವಾಗಿ ಎಳೆದು ಸರಿಮಾಡುವ ಹಳೆಯ ಕೈಗಳನ್ನು ಮಾತ್ರ ದೂರವಿಡುವುದು ಮೇಲು.

ಮಾತಿನ ವಿಷಯದಲ್ಲಿ ಮೊದಲು ನೋಡಬೇಕಾದುದು ಕಿವಿ. ಕಿವಿ ಕೇಳದ ಮಗುವನ್ನು ಜಡನೆಂದು ಕರೆದು ವರ್ಷಗಳನ್ನು ಕಳೆದ ಮನೆಗಳುಂಟು. ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕನ್ನಡ ನಾಡಿನಲ್ಲಿಯೇ ಇದೆ. ಒಂದೂವರೆ ವರ್ಷಕ್ಕೆ ಒಂದು ಶಬ್ದವೂ ಇಲ್ಲದಿದ್ದರೆ, ಎರಡು ವರ್ಷಕ್ಕೆ ಎರಡು ಶಬ್ದಗಳನ್ನು ಕೂಡಿಸದಿದ್ದರೆ, ೧೮ ತಿಂಗಳಾದರೂ ನಡೆಯದಿದ್ದರೆ, ಒಂಬತ್ತು ಹತ್ತು ತಿಂಗಳಿಗೆ ಆಸರೆಯಿಲ್ಲದೆ ಕುಳ್ಳಿರದಿದ್ದರೆ, ಬಂದ ಮಾತೂ ನಗುವೂ ಹಿಂದಕ್ಕೆ ಹೋದರೆ, ಅಜ್ಜಿಯ ಸಮಾಧಾನಕ್ಕೆ ನಿಲ್ಲದೆ ತೋರಿಸತಕ್ಕದ್ದು. ಸನ್ನೆಯನ್ನೋ ಚಿತ್ರವನ್ನೋ ಕೊಟ್ಟರೆ ಮಗುವು ಮಾತಾಡಲು ಸೋಮಾರ್ಯಪಡುತ್ತದೆಂಬ ಭಯವು ವಿದ್ಯಾವಂತರಲ್ಲಿಯೇ ಹೆಚ್ಚು. ನೋಡಿದವರು ಕಂಡುದು ಹಾಗಲ್ಲ. ಸನ್ನೆಯು ಮಾತಿಗೆ ಅಡ್ಡಬರುವುದಿಲ್ಲ, ಅನೇಕ ಸಲ ದಾರಿಯನ್ನೇ ಬಿಡಿಸುತ್ತದೆ.

ಭಟ್ಕಳದಲ್ಲಿ ಈ ಪ್ರಶ್ನೆಗೆ ಇನ್ನೊಂದು ರೂಪವಿದೆ. ಮನೆಯಲ್ಲಿ ನವಾಯತಿ, ಮದರಸೆಯಲ್ಲಿ ಉರ್ದು, ಪೇಟೆಯಲ್ಲಿ ಕನ್ನಡ, ನೆರೆಯಲ್ಲಿ ಕೊಂಕಣಿ. ಹೊನ್ನಾವರ, ಕುಮಟೆಗಳಲ್ಲಿಯೂ ಇಂಥ ಕಲಬೆರಕೆ ಕಡಿಮೆಯಲ್ಲ. ಮಾತು ತಡವಾದ ಮಗುವಿಗೆ ಮನೆಯ ಭಾಷೆಯನ್ನು ಬಿಟ್ಟು ಶಾಲೆಯ ಭಾಷೆಯೊಂದನ್ನೇ ಆಡಬೇಕೆಂದು ಬುದ್ಧಿ ಹೇಳುವ ಪದ್ಧತಿಯು ಬೆಳೆದಿದೆ. ಎರಡು ಭಾಷೆಗಳಿಂದ ಮಾತು ಹಿಂದುಳಿಯುವುದೆಂಬುದಕ್ಕೆ ಆಧಾರವಿಲ್ಲ. ತಾಯಿಗೆ ಸರಿಯಾಗಿ ಬಾರದ ಭಾಷೆಯಲ್ಲಿ ತಾಯಿಯು ಮಗುವಿನೊಡನೆ ಮಾತಾಡತೊಡಗಿದರೆ, ಮಾತು ಕಡಿಮೆಯಾಗುತ್ತದೆ, ಹಾಡು ನಿಲ್ಲುತ್ತದೆ, ಬರಿಯ ಆಜ್ಞೆಗಳು ಉಳಿಯುತ್ತವೆ.

ಸರಕಾರದ ಏರ್ಪಾಡುಗಳನ್ನು ಸಂಕ್ಷೇಪವಾಗಿ ಹೇಳಬಹುದು. ಅಂಗನವಾಡಿಯು ೧೯೭೫ರಿಂದ ಇದೆ. ಅಲ್ಲಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡುವ ವೈದ್ಯರ ತಂಡದ ಯೋಜನೆಯು ೨೦೧೩ರಲ್ಲಿ ಬಂದಿತು. ೨೦೧೬ರ ಕಾಯಿದೆಯು ೨೧ ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತು. ೨೦೨೩ರ ನವೆಂಬರಿನಲ್ಲಿ ಅಂಗನವಾಡಿಗಳಲ್ಲಿ ಇಂಥ ಮಕ್ಕಳಿಗಾಗಿ ನಡೆಸಬೇಕಾದ ಕ್ರಮವನ್ನು ಕೇಂದ್ರವು ಪ್ರಕಟಿಸಿತು. ಕಾಗದವು ಸಾಲದೆಂದು ದೂರುವಂತಿಲ್ಲ. ಆದರೆ ಅನ್ನ ಬಡಿಸುವುದು, ತೂಕ ನೋಡುವುದು, ದಫ್ತರ ಬರೆಯುವುದು ಎಲ್ಲವನ್ನೂ ಮಾಡುವ ಒಬ್ಬ ಕಾರ್ಯಕರ್ತೆಯ ಮೇಲೆ ಇದೂ ಬಿದ್ದರೆ, ಮಗುವು ಅಂಗನವಾಡಿಯ ಪುಸ್ತಕದಲ್ಲಿ ಇದ್ದು ಚಾಪೆಯ ಮೇಲೆ ಇಲ್ಲದಿರುವುದೂ ಉಂಟು. ಆ ಮಗುವು ಉಳಿದ ಮಕ್ಕಳ ನಡುವೆ ಕುಳಿತು, ಅವರು ಚಪ್ಪಾಳೆ ತಟ್ಟುವಾಗ ತಾನೂ ಅರ್ಧ ಕೈ ಎತ್ತಿದರೆ, ಅಂದಿನ ಪಾಠವು ಆಯಿತೆಂದೇ ಎಣಿಸಬೇಕು.

ಅದಕ್ಕೆ ಅಡ್ಡವಾದುದು ನಗೆ. ಈ ಸೀಮೆಯು ಯಕ್ಷಗಾನದ ಸೀಮೆ. ೧೯೩೪ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳವೂ, ಕರ್ಕಿಯ ಹಾಸ್ಯಗಾರ ಮನೆತನವೂ ಹೊನ್ನಾವರ ತಾಲೂಕಿನ ಕೀರ್ತಿ. ಹಾಸ್ಯವನ್ನು ಉಚ್ಚ ಕಲೆಯಾಗಿ ಸಾಧಿಸಿದವರ ನಾಡಿನಲ್ಲಿ, ತೊದಲನ್ನೂ ಕಿವುಡನ್ನೂ ರಂಗಕ್ಕೆ ತಂದು ಸುಲಭವಾಗಿ ನಗಿಸುವವರಿಗೆ ಇನ್ನೂ ಚಪ್ಪಾಳೆ ದೊರೆಯುವುದು ಶೋಭೆಯಲ್ಲ. ಆಟದ ಮರುದಿನ ಅಂಗಳದಲ್ಲಿ ಹುಡುಗರು ಆ ತೊದಲನ್ನು ಯಾರ ಮುಂದೆ ಆಡುತ್ತಾರೆಂಬುದು ಎಲ್ಲರಿಗೂ ಗೊತ್ತು. ಇದಕ್ಕೆ ಎದುರಾದ ಪ್ರಸಂಗವೂ ಅದೇ ರಂಗದಲ್ಲಿದೆ. ಕಾರ್ಕೋಟಕನ ವಿಷದಿಂದ ವಿಕಾರನಾದ ಬಾಹುಕನನ್ನು ಕಂಡು ಸಭೆಯು ನಗುತ್ತದೆ, ದಮಯಂತಿಯು ನಗುವುದಿಲ್ಲ. ಅವಳು ಅವನನ್ನು ಕರೆಸಿ ಪ್ರಶ್ನೆಗಳಿಂದ ಪರೀಕ್ಷಿಸಲೂ ಮೊದಲು ಹೋಗಲಿಲ್ಲ. ಕೇಶಿನಿಯನ್ನು ಕಳುಹಿಸಿ, ಅವನು ಬೆಂಕಿಯನ್ನು ಹೇಗೆ ಹೊತ್ತಿಸುತ್ತಾನೆ, ನೀರನ್ನು ಹೇಗೆ ತರುತ್ತಾನೆ, ಹೂವನ್ನು ಹೇಗೆ ಹಿಡಿಯುತ್ತಾನೆ ಎಂದು ನೋಡಿಸಿ, ಅವನು ಮಾಡಿದ ಅಡಿಗೆಯನ್ನು ತರಿಸಿ ರುಚಿ ನೋಡಿದಳು. ಮೇಜಿನ ಮುಂದೆ ಕುಳ್ಳಿರಿಸಿ ಮೂರು ಪ್ರಶ್ನೆ ಕೇಳಿ ಬುದ್ಧಿಯ ಅಂಕವನ್ನು ಬರೆಯುವವರಿಗಿಂತ, ಮಗುವು ಅಡಿಗೆಯ ಮನೆಯಲ್ಲಿ, ಅಂಗಳದಲ್ಲಿ, ನಾಯಿಯ ಹತ್ತಿರ ಏನು ಮಾಡುತ್ತದೆಂದು ಒಂದು ವಾರ ನೋಡಿ ಬರೆದಿಡುವ ಅಕ್ಕನು ಮಗುವನ್ನು ಚೆನ್ನಾಗಿ ಬಲ್ಲಳು. ವೈದ್ಯನ ಬಳಿಗೆ ಹೋಗುವಾಗ ಆ ಬರಹವನ್ನು ಒಯ್ದರೆ ವೈದ್ಯನಿಗೂ ಉಪಕಾರ.

ಎಲ್ಲ ಮಾಡಿದ ಮೇಲೆಯೂ ತಾಯಿತಂದೆಗಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ: ತಮ್ಮ ನಂತರ ಯಾರು? ೧೯೯೯ರ ರಾಷ್ಟ್ರೀಯ ನ್ಯಾಸದ ಕಾಯಿದೆಯಂತೆ ಬುದ್ಧಿಯ ಕೊರತೆ, ಸ್ವಲೀನತೆ, ಮೆದುಳಿನ ಪಾರ್ಶ್ವವಾಯು, ಬಹುವಿಧ ವೈಕಲ್ಯಗಳುಳ್ಳವರಿಗೆ ಜಿಲ್ಲೆಯ ಸಮಿತಿಯು ಪಾಲಕರನ್ನು ನೇಮಿಸಬಹುದು. ಅಂಥ ಏರ್ಪಾಡಿಲ್ಲದ ಕಾಲದಲ್ಲಿ ಏನಾಗುತ್ತಿದ್ದಿತೆಂಬುದಕ್ಕೆ ಭಾಗವತವೇ ಸಾಕ್ಷಿ. ಜಡಭರತನ ತಂದೆ ಸತ್ತನು. ತಾಯಿಯು ಅವನನ್ನೂ ಅವನೊಡನೆ ಅವಳಿಯಾಗಿ ಹುಟ್ಟಿದ ಹೆಣ್ಣುಮಗುವನ್ನೂ ಸವತಿಗೆ ಒಪ್ಪಿಸಿ ಗಂಡನನ್ನು ಹಿಂಬಾಲಿಸಿದಳು. ಆ ಹೆಣ್ಣುಮಗುವಿನ ಮಾತು ಮತ್ತೆ ಬರುವುದಿಲ್ಲ. ಒಂಬತ್ತು ಮಂದಿ ಮಲಅಣ್ಣಂದಿರು ವೇದವನ್ನು ಬಲ್ಲವರು. ಇವನಿಗೆ ಕಲಿಸುವ ಗೊಡವೆಯನ್ನು ಅವರು ಬಿಟ್ಟರು, ಗದ್ದೆಯ ಕೆಲಸಕ್ಕೆ ಹಚ್ಚಿದರು. ಊಟಕ್ಕೆ ಕೊಡುತ್ತಿದ್ದುದೇನೆಂಬುದನ್ನು ಕವಿಯು ಒಂದೊಂದಾಗಿ ಎಣಿಸುತ್ತಾನೆ: ನುಚ್ಚು, ಹಿಂಡಿ, ತೌಡು, ಹುಳು ಹಿಡಿದ ಕಾಳು, ಮಡಕೆಯ ತಳಕ್ಕೆ ಹತ್ತಿದ ಅನ್ನ. ಪುರಾಣ ಹೇಳುವವರು ಇಷ್ಟನ್ನು ಒಂದೇ ಉಸಿರಿನಲ್ಲಿ ದಾಟಿ ರಹೂಗಣನ ಪಲ್ಲಕ್ಕಿಗೆ ಹೋಗುತ್ತಾರೆ.